ಅಪ್ಪ ಮುಟ್ಟದ ಗಂಟೆ

ನಾನು ಹುಟ್ಟಿದ ಸುದ್ದಿ ಅಪ್ಪನನ್ನು ಜೈಲಿಗೆ ಕಳಿಸಿತು. ಅಳುತ್ತ ಹೇಳುವ ಮಾತಲ್ಲ ಇದು. ಚಿಕ್ಕಂದಿನಿಂದ ಎಷ್ಟೋ ಬಾಯಿಗಳಿಂದ ಕೇಳಿ ಕೇಳಿ ನನ್ನ ಹೆಸರಿನಷ್ಟೇ ರೂಢಿಯಾಗಿಬಿಟ್ಟಿದೆ. ಓಣಿಯ ಹೆಂಗಸರು ನೀರಿನ ಹತ್ತಿರ ಜಗಳಕ್ಕೆ ನಿಂತರೆ ಮೊದಲು ಅದನ್ನೇ ಎತ್ತುತ್ತಿದ್ದರು. ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. “ಹೌದು, ನಾ ಹುಟ್ಟಿ ಅಪ್ಪನ್ನ ಜೈಲಿಗೆ ಕಳಿಸೀನಿ. ನೀ ಹುಟ್ಟಿ ಏನ್ ಮಾಡೀದಿ ಹೇಳು?” ಎಂದು ಕೇಳುತ್ತಿದ್ದೆ.

ನಮ್ಮ ಹಳ್ಳಿ ಇರುವುದು ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯ ಒಂದು ಮಗ್ಗುಲಲ್ಲಿ. ಆಗ ಅದು ಸಂಸ್ಥಾನದ ಹಳ್ಳಿ. ಅವ್ವನ ತವರು ಮುಂಡರಗಿ, ಅದು ಇಂಗ್ಲಿಷರ ಮುಂಬಯಿ ಇಲಾಖೆಯದು. ಹೀಗಾಗಿ ನಾನು ಹುಟ್ಟಿದ್ದು ಒಂದು ಸರಕಾರದಲ್ಲಿ, ಅಪ್ಪ ಜೈಲಿಗೆ ಹೋದದ್ದು ಇನ್ನೊಂದು ಸರಕಾರದಲ್ಲಿ. ನಮ್ಮದು ಹಣಮಪ್ಪನ ಪೂಜೆ ಮಾಡುವ ಮನೆತನ, ಊರಲ್ಲಿ ಆ ಹಕ್ಕಿದ್ದ ಮನೆ ಅದೊಂದೇ. ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ಪಾಳಿಯ ಮೇಲೆ ಪೂಜೆ ಮಾಡುತ್ತಿದ್ದರು. ಅದಕ್ಕೆಂದು ಊರು ಬಿಟ್ಟುಕೊಟ್ಟ ಮಾನ್ಯದ ಹೊಲವೊಂದಿತ್ತು, ಜೋಳ ಹತ್ತಿ ಬೆಳೆಯುವ ಎರೆಹೊಲ.

ಆ ಹೊಲದ ನೆರೆಯವನು ಗಟ್ಟಿ ಕುಳ. ಪ್ರತಿ ವರ್ಷ ಗಳೆ ಹೊಡೆದು ಉಳುವಾಗ ನಮ್ಮ ಬದುವನ್ನು ಒಂದಿಷ್ಟು ಕೆತ್ತಿಕೊಂಡು ಹೋಗುವುದು ಅವನ ಚಾಳಿ. ನಾನು ಅವ್ವನ ಹೊಟ್ಟೆಯಲ್ಲಿದ್ದ ಮಳೆಗಾಲದಲ್ಲಿ ಅಪ್ಪ ಅದನ್ನು ಕೇಳಲು ಹೋದ. ನೆರೆಯವನು ಬಾರುಕೋಲಿನಿಂದ ಅಪ್ಪನ ಮುಖಕ್ಕೇ ಬಾರಿಸಿದ. ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತು ನೋಡಿದರು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯುತ್ತಿದ್ದಾಗ ಅಪ್ಪ ಕೂಗಿದನಂತೆ: “ನಿನ್ನ ಹೆಣ ಇದ ಬದುವಿನ ಮ್ಯಾಲ ಕೆಡವತೀನಿ ಮಗನ!” ಇಷ್ಟು ಜನ ಕೇಳುವಂತೆ ಅಪ್ಪ ಅದಕ್ಕೆ ಮೊದಲು ಕೂಗಿದ್ದು ಮಂಗಳಾರತಿಯನ್ನು ಮಾತ್ರ ಇರಬೇಕು.

ಶ್ರಾವಣ ಬಂತು. ಲಕ್ಷ್ಮೇಶ್ವರದ ಸಂತೆಯ ದಿನ ಸಂಜೆ, ಊರಿಗೆ ಬರುವ ದಾರಿಯ ಹಳ್ಳದಲ್ಲಿ ಆ ನೆರೆಯವನು ಬಿದ್ದಿದ್ದ. ಕೊಡಲಿಯ ಏಟು ಕುತ್ತಿಗೆಗೆ, ಭುಜಕ್ಕೆ ಬಿದ್ದಿತ್ತು. ತಡೆಯಲು ಎತ್ತಿದ ಬಲಗೈ ಮಣಿಕಟ್ಟಿನಲ್ಲಿ ಕಡಿದುಹೋಗಿತ್ತು. ಹಳ್ಳದ ನೀರು ಕೆಂಪಾಗಿ ಎಮ್ಮೆಗಳು ಕುಡಿಯದೆ ನಿಂತವೆಂದು ನಮ್ಮೂರಲ್ಲಿ ಬಹಳ ದಿನ ಹೇಳುತ್ತಿದ್ದರು. ಕೊಂದವರು ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಸಂತೆ ಮುಗಿಸಿ ಅಪ್ಪನೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬಂದಿದ್ದ, ಹಳ್ಳದ ಇನ್ನೊಂದು ಕಡೆಯಿಂದ.

ಅವತ್ತು ಸಂತೆಯಲ್ಲಿ ಅಪ್ಪನಿಗೆ ಮುಂಡರಗಿಯ ಒಬ್ಬ ಹತ್ತಿ ವ್ಯಾಪಾರಿ ಸಿಕ್ಕಿದ್ದ. “ಪೂಜಾರಪ್ಪ, ನಿಮ್ಮ ಹೆಂಡ್ತಿ ಹಡದಾಳ, ಹೆಣ್ಣಕೂಸು,” ಎಂದು ಹೇಳಿದ್ದ. ಆ ಹೆಣ್ಣುಕೂಸು ನಾನೇ.

ನಮ್ಮ ಕಡೆಯ ಪದ್ಧತಿ ಇಲ್ಲಿ ಹೇಳಬೇಕು. ಮನೆತನದಲ್ಲಿ ಕೂಸು ಹುಟ್ಟಿದರೆ ಹತ್ತು ದಿನ ಸೂತಕ. ಸೂತಕದಲ್ಲಿರುವವರು ಗುಡಿಯ ಹೊಸ್ತಿಲು ದಾಟುವಂತಿಲ್ಲ, ಗಂಟೆ ಮುಟ್ಟುವಂತಿಲ್ಲ. ಆದರೆ ದೂರದ ಊರಿನಲ್ಲಿ ಕೂಸು ಹುಟ್ಟಿದರೆ ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಕೇಳದವನಿಗೆ ಸೂತಕವಿಲ್ಲ. ಆ ಶ್ರಾವಣದಲ್ಲಿ ಕಾಕಾ ಹಣಮಪ್ಪನ ಮುಂದೆ ತಿಂಗಳ ದೀಪ ಹಚ್ಚಿದ್ದ, ಅದು ಒಂದು ಗಳಿಗೆಯೂ ಆರಬಾರದು. ಅಪ್ಪ ಬಾಯಿ ಬಿಟ್ಟರೆ ಕಾಕಾನಿಗೂ ಸೂತಕ ಹತ್ತುತ್ತದೆ, ಇಬ್ಬರೂ ಹೊರಗೆ ಕೂರಬೇಕು. ದೀಪ ಆರುತ್ತದೆ, ದೇವರು ಹತ್ತು ದಿನ ನೀರಿಲ್ಲದೆ ಕೂರುತ್ತಾನೆ. ಆದ್ದರಿಂದ ಅಪ್ಪ ತಾನೊಬ್ಬನೇ ಸೂತಕ ಹೊತ್ತುಕೊಂಡ. ಊರಿಗೆ ಬಂದು ಹೊಟ್ಟೆ ಕೆಟ್ಟಿದೆ ಎಂದು ಸುಳ್ಳು ಹೇಳಿ, ಯಾರನ್ನೂ ಮುಟ್ಟದೆ ದನದ ಕೊಟ್ಟಿಗೆಯಲ್ಲಿ ಮಲಗಿದ.

ಹೆಣ ಸಿಕ್ಕ ಮೇಲೆ ಪೂಜಾರಿ ಕೊಟ್ಟಿಗೆಯಲ್ಲಿ ಅಡಗಿ ಮಲಗಿದ್ದಾನೆ ಎಂದರೆ ಜನ ಏನು ತಿಳಿದಾರು? ಮಣ್ಣು ಮಾಡಿದ ಮರುದಿನ ಗೌಡರು ಊರನ್ನು ಗುಡಿಯ ಮುಂದೆ ಸೇರಿಸಿದರು. ಸಂತೆಯಿಂದ ಆ ದಾರಿಯಲ್ಲಿ ಬಂದ ಗಂಡಸರೆಲ್ಲ ಹಸಿ ಬಟ್ಟೆಯಲ್ಲಿ ಒಳಗೆ ಹೋಗಿ ಗಂಟೆ ಹೊಡೆದು, ನಾನು ಕೊಂದಿಲ್ಲ ಎಂದು ಆಣೆ ಮಾಡಬೇಕು. ಒಬ್ಬೊಬ್ಬರಾಗಿ ಹೋಗಿ ಗಂಟೆ ಹೊಡೆದು ಬಂದರು. ಅಪ್ಪನ ಸರದಿ ಬಂತು. ಜೀವಮಾನವೆಲ್ಲ ಆ ಗಂಟೆಯ ಕೆಳಗೇ ಕಳೆದವನು ಕಟ್ಟೆಯ ಕೆಳಗೆ ನಿಂತುಬಿಟ್ಟ.

“ನಾ ಒಳಗ ಬರಂಗಿಲ್ಲರಿ.”

“ಯಾಕ?”

ಅಪ್ಪ ಒಳಗೆ ನೋಡಿದ. ಗರ್ಭಗುಡಿಯ ಬಾಗಿಲಲ್ಲಿ ಕಾಕಾ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದ, ಹಿಂದೆ ದೀಪ ಉರಿಯುತ್ತಿತ್ತು. ಸತ್ತವನ ತಮ್ಮ ಬಂದು ಅಪ್ಪನ ಎದೆಗೆ ಒದ್ದ. ಬಿದ್ದವನನ್ನು ಜನ ಮುತ್ತಿಕೊಂಡು ಕಾಲಲ್ಲಿ, ಕೈಯಲ್ಲಿ, ಕೊನೆಗೆ ತೆಂಗಿನಕಾಯಿಯಲ್ಲಿ ಹೊಡೆದರು. ಪೊಲೀಸರು ಬರುವ ಹೊತ್ತಿಗೆ ಅಪ್ಪನ ಮುಂದಿನ ಹಲ್ಲುಗಳು ಹಣಮಪ್ಪನ ಕಟ್ಟೆಯ ಕೆಳಗೆ ಬಿದ್ದಿದ್ದವು.

ಕೋರ್ಟಿನಲ್ಲಿ ಅಪ್ಪ ಎಲ್ಲವನ್ನೂ ಹೇಳಿದ. ಆಗ ಹೊತ್ತು ಮೀರಿತ್ತು. ಅಣ್ಣ ನಿನಗೆ ಸೂತಕದ ವಿಷಯ ಹೇಳಿದ್ದನೇನು ಎಂದು ಕಾಕಾನನ್ನು ಕೇಳಿದರು. ಹೇಳಿರಲಿಲ್ಲ ಎಂದ ಕಾಕಾ. ಅದು ಸತ್ಯ, ಆ ಸತ್ಯವೇ ಅಪ್ಪನನ್ನು ಮುಗಿಸಿತು. ಮುಂಡರಗಿಯ ವ್ಯಾಪಾರಿ, ಬೇರೆ ಸರಕಾರದ ಸಮನ್ಸು ನನಗೆ ನಡೆಯುವುದಿಲ್ಲ ಎಂದು ಮನೆಯಲ್ಲೇ ಕೂತ. ಊರಿನ ಜನ ಒಬ್ಬರ ಹಿಂದೊಬ್ಬರು ಕಟಕಟೆ ಹತ್ತಿ, ಇವನು ದೇವರಿಗೆ ಹೆದರಿ ಗಂಟೆ ಹೊಡೆಯಲಿಲ್ಲ ಎಂದರು. ಸೂತಕದ ಕತೆ ಆಮೇಲೆ ಕಟ್ಟಿದ್ದು ಎಂದು ನ್ಯಾಯಾಧೀಶರು ತೀರ್ಮಾನಿಸಿ ಜನ್ಮಠೇಪಿ, ಅಂದರೆ ಜೀವಾವಧಿ ಶಿಕ್ಷೆ ಕೊಟ್ಟರು. ತೀರ್ಪು ಕೇಳಿದಾಗ ಅವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ. ನನ್ನನ್ನು ನೋಡಿ ಹಾಲು ಕುಡಿಸುವ ಮನಸ್ಸೇ ಬರಲಿಲ್ಲ ಎಂದು ಆಮೇಲೆ ಒಮ್ಮೆ ತಾನಾಗಿ ಹೇಳಿದಳು. ಅದನ್ನು ಕೇಳಿ ನನಗೆ ನೋವಾಯಿತು, ಈಗಲೂ ಆಗುತ್ತದೆ.

ಸ್ವಾತಂತ್ರ್ಯ ಬಂತು. ಗದಗದಲ್ಲಿ ಬಾವುಟ ಹಾರಿ ಜನ ಪೇಢೆ ಹಂಚಿದರು. ನಮ್ಮ ಹಳ್ಳಿಗೆ ಅದು ಸ್ವಲ್ಪ ತಡವಾಗಿ, ಸಂಸ್ಥಾನ ವಿಲೀನವಾದ ಮೇಲೆ ಬಂತು. ಆಮೇಲೆ ಗದಗದ ವಕೀಲರೊಬ್ಬರು, ಈಗ ನಿಮ್ಮ ಗಂಡನ ಪ್ರಕರಣ ಮುಂಬಯಿಯ ದೊಡ್ಡ ಕೋರ್ಟಿಗೆ ಹೋಗಬಹುದು ಎಂದು ಅವ್ವನಿಗೆ ಹೇಳಿದರು. ಹೋಯಿತು. ಗಂಟೆ ಹೊಡೆಯದೆ ಇರುವುದನ್ನು ಕೊಲೆಗೆ ಸಾಕ್ಷಿ ಎನ್ನಲಾಗದು, ಬೇರೆ ಸಾಕ್ಷಿ ಇಲ್ಲ ಎಂದು ಆ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ನಾನು ಮೊದಲ ಸಲ ಅಪ್ಪನನ್ನು ನೋಡಿದಾಗ ನನಗೆ ಹತ್ತಿರ ಹತ್ತಿರ ಐದು ವರ್ಷ.

ನೋಡಿ ಹೆದರಿ ಕಣಜದ ಹಿಂದೆ ಅವಿತುಕೊಂಡೆ. ತಲೆ ಬೋಳು, ಮುಂದೆ ಹಲ್ಲಿಲ್ಲ. ಯಾರಾದರೂ ಹಿಂದಿನಿಂದ ಬಂದರೆ ತಿರುಗಿ ನೋಡುವ ಮೊದಲೇ ಕೈ ಬೀಸುತ್ತಿದ್ದ. ಹಾಗೆ ಅವ್ವನ ಮೂಗು ಎರಡು ಸಲ ಒಡೆಯಿತು. ಊಟಕ್ಕೆ ಕೂತರೆ ಒಂದು ರೊಟ್ಟಿಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ನಾನು ಎತ್ತಿನ ಕೊರಳ ಗಂಟೆ ಹಿಡಿದು ಆಡಿಸುತ್ತ ಕೂತಿದ್ದೆ. ಅಪ್ಪ ಬಂದವನೇ ಅದನ್ನು ಕಸಿದು ಅದರಿಂದಲೇ ನನ್ನ ತಲೆಗೆ ಹೊಡೆದ. ಆ ಗಾಯದ ಗುರುತು ಬೈತಲೆಯ ಪಕ್ಕದಲ್ಲಿ ಇನ್ನೂ ಇದೆ. ಅವತ್ತಿನಿಂದ ನಮ್ಮ ಎತ್ತುಗಳು ಮೂಕವಾಗಿ ತಿರುಗಿದವು.

ಅಪ್ಪ ಪೂಜೆಗೆ ಹೋದಾಗ ಕಾಕಾ ಅಡ್ಡ ನಿಂತ. “ಕೋರ್ಟು ನಿನ್ನ ತೊಳೀತು. ನಿನ್ನ ಸೂತಕದ ಮನಿಯಿಂದ ಬಂದು ಪೂಜಿ ಮಾಡಿದೆನಲ್ಲೋ ನಾ, ಹಣಮಪ್ಪನ್ನ ಯಾರು ತೊಳೀಬೇಕು?” ಕೇಳದವನಿಗೆ ಸೂತಕವಿಲ್ಲ ಎಂಬುದು ಕಾಕಾನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಟಕಟೆಯಲ್ಲಿ ಹೇಳಿದ ಆ ಒಂದು ಮಾತು ಅವನನ್ನು ಒಳಗೇ ತಿನ್ನುತ್ತಿತ್ತು, ಅದನ್ನೇ ಸಿಟ್ಟು ಮಾಡಿ ಅಪ್ಪನ ಮೇಲೆ ತಿರುಗಿಸಿದ ಎಂದು ನನಗೆ ಈಗ ಅನ್ನಿಸುತ್ತದೆ. ಅಪ್ಪ ಅವನ ಜುಟ್ಟು ಹಿಡಿದು ಗುಡಿಯ ಕಂಬಕ್ಕೆ ಮುಖ ಅಪ್ಪಳಿಸಿದ. ಆಮೇಲೆ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತು.

ಸತ್ತವನ ತಮ್ಮ ಅಣ್ಣ ಸತ್ತಂದಿನಿಂದ ಗಡ್ಡ ತೆಗೆಸಿರಲಿಲ್ಲ. ನಾವು ಮನೆಯಲ್ಲಿ ಅವನನ್ನು ಗಡ್ಡದವ ಎಂದೇ ಕರೆಯುತ್ತಿದ್ದೆವು. ಅಪ್ಪ ಬಂದ ವಾರದಲ್ಲೇ ಅವನು ಕೊಡಲಿ ಹೆಗಲಿಗೇರಿಸಿ ನಮ್ಮ ಮನೆಯ ಮುಂದೆ ಬಂದು ನಿಂತ.

“ಕೋರ್ಟು ಬಿಟ್ಟೈತಿ, ನಾ ಬಿಟ್ಟಿಲ್ಲ. ಹಣಮಪ್ಪನ ಗಂಟಿ ಹೊಡದು, ನಾ ಕೊಂದಿಲ್ಲ ಅಂತ ಆಣಿ ಮಾಡು. ಅವತ್ತ ಗಡ್ಡ ತಗಸ್ತೀನಿ, ಕೊಡ್ಲಿ ಕೆಳಗ ಇಡತೀನಿ. ಇಲ್ಲಂದ್ರ ನಮ್ಮಣ್ಣ ಬಿದ್ದ ಜಾಗಾದಾಗ ನಿನ್ನ ಕೆಡವತೀನಿ.”

ಅಷ್ಟೇ. ಒಂದು ಸಲ ಗಂಟೆ ಹೊಡೆದರೆ ಅಪ್ಪನ ಜೀವ ಉಳಿಯುತ್ತದೆ. ಈಗ ಸೂತಕವೂ ಇಲ್ಲ, ದೀಪದ ಚಿಂತೆಯೂ ಇಲ್ಲ. ಅವ್ವ ಕಾಲು ಹಿಡಿದಳು. “ಹೊಡದು ಬರ್ರಿ, ನಿಮ್ಮ ಕಾಲಿಗಿ ಬೀಳತೀನಿ. ನೀವು ಮಾಡಿಲ್ಲಂದ ಮ್ಯಾಲ ಅಂಜಿಕಿ ಯಾಕ?”

ಅಪ್ಪ ಆ ಕಾಲಿನಿಂದಲೇ ಅವಳನ್ನು ಒದ್ದ. “ಅವತ್ತ ಮಗಳು ಹುಟ್ಟಿದ್ದಕ್ಕ ಹೊಡಿಲಿಲ್ಲ. ಇವತ್ತ ನಾ ಹುಟ್ಟಿದ್ದಕ್ಕ ಹೊಡಿಯಂಗಿಲ್ಲ. ಹಲ್ಲು ಉದುರಿಸಿದ ಮಕ್ಕಳ ಮುಂದ ನಿಂತು ಆಣಿ ಮಾಡ್ಲೇನು?”

ಮುಂದಿನ ವರ್ಷಗಳನ್ನು ನಾನು ಊರ ಜಾತ್ರೆ ಹಬ್ಬಗಳಿಂದ ನೆನಪಿಟ್ಟಿಲ್ಲ, ಏಟುಗಳಿಂದ ನೆನಪಿಟ್ಟಿದ್ದೇನೆ. ಗಡ್ಡದವ ನಮ್ಮ ಬಣವೆ ಸುಟ್ಟ ವರ್ಷ ನಾನು ಶಾಲೆಗೆ ಸೇರಿದೆ. ಎತ್ತಿನ ಹಿಂಗಾಲಿನ ನರ ಕಡಿದ ವರ್ಷ ನನಗೆ ಮಗ್ಗಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಆ ಎತ್ತು ಮುಂಗಾಲು ಊರಿ ಏಳಲು ಹೋಗಿ ಹೋಗಿ ಬೀಳುತ್ತಿತ್ತು, ಸೆಗಣಿಯಲ್ಲಿ ರಕ್ತ ಕಲಸಿ ಕೊಟ್ಟಿಗೆ ಕೆಸರಾಗಿತ್ತು. ಅಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದ, ನನ್ನ ತಲೆಯನ್ನು ಅವನು ಯಾವತ್ತೂ ಹಾಗೆ ಇಟ್ಟುಕೊಂಡಿರಲಿಲ್ಲ. ಸಂಜೆಗೆ ಹೋಗಿ ಗಡ್ಡದವನ ಮೆಣಸಿನಕಾಯಿ ಗಿಡಗಳನ್ನೆಲ್ಲ ಬೇರು ಸಮೇತ ಕಿತ್ತು ಬಂದ.

ಒಂದು ಸಲ ಹಳ್ಳದ ಹತ್ತಿರವೇ ಇಬ್ಬರೂ ಎದುರಾದರು. ಗಡ್ಡದವ ಕೊಡಲಿಯ ಹಿಂಬದಿಯಿಂದ ಅಪ್ಪನ ಪಕ್ಕೆಗೆ ಹೊಡೆದ. ಅಪ್ಪ ಅವನನ್ನು ಕೆಡವಿಕೊಂಡು, ಮುಂದಿನ ಹಲ್ಲಿಲ್ಲದಿದ್ದರೂ ದವಡೆಯಿಂದ ಕಚ್ಚಿ ಅವನ ಕಿವಿಯ ತುಂಡು ಕಿತ್ತ. ಮನೆಗೆ ಬಂದಾಗ ಅಪ್ಪನ ಬಾಯಿ ತುಂಬ ರಕ್ತ. ಅವ್ವ ತನ್ನ ಗಂಡನದೇ ರಕ್ತವೆಂದು ಕೂಗಿಕೊಂಡು ನೀರು ತಂದಳು. ಅಪ್ಪ ಬಾಯಿ ಮುಕ್ಕಳಿಸಿ ಉಗುಳಿ, “ನಂದಲ್ಲ,” ಎಂದ. ಅಷ್ಟು ಸಂತೋಷದ ದನಿಯನ್ನು ನಾನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಅವನ ಮೇಲೆ ಹೇಸಿಗೆಯಾಯಿತು. ದೇವರ ಮೈ ತೊಳೆಯುತ್ತಿದ್ದ ಮನುಷ್ಯನನ್ನು ಜೈಲು ಎಲ್ಲಿಯೋ ಇಟ್ಟುಕೊಂಡು ಇವನನ್ನು ಕಳಿಸಿದೆ ಎಂದು ನಾನು ನಂಬಿದ್ದೆ.

ಗಡ್ಡದವ ನನ್ನನ್ನು ಹಿಡಿದದ್ದು ಶಾಲೆ ಬಿಟ್ಟು ಬರುವಾಗ. ನನಗೆ ಆಗ ಹತ್ತು ವರ್ಷ ತುಂಬಿತ್ತು, ಉದ್ದನೆಯ ಜಡೆ ಇತ್ತು. ಬಾರಿಯ ಮುಳ್ಳುಕಂಟಿಯ ಹಿಂದಿನಿಂದ ಎದ್ದು ಬಂದು ನನ್ನ ಜಡೆ ಹಿಡಿದು ಮರದ ಬೊಡ್ಡೆಗೆ ಒತ್ತಿದ. ಕೊಡಲಿ ಎತ್ತಿದ್ದನ್ನು ನೋಡಿದೆ, ಇಳಿದದ್ದನ್ನು ನೋಡಲಿಲ್ಲ. ಕಣ್ಣು ಬಿಟ್ಟರೆ ನಾನು ನೆಲದ ಮೇಲಿದ್ದೆ, ಜಡೆ ಅವನ ಕೈಯಲ್ಲಿತ್ತು. ಕುತ್ತಿಗೆಯ ಹಿಂದಿನ ಚರ್ಮ ಸ್ವಲ್ಪ ಸೀಳಿ ಬೆನ್ನಿಗೆ ಬಿಸಿ ಇಳಿಯುತ್ತಿತ್ತು. ಅವನು ಜಡೆಯನ್ನು ನನ್ನ ಉಡಿಗೆ ಎಸೆದ. “ನಿಮ್ಮಪ್ಪಗ ಕೊಡು. ಇನ್ನೊಂದ ಸಲ ಕೊಡ್ಲಿ ಇನ್ನೂ ಮ್ಯಾಲ, ಕುತ್ತಿಗಿಗಿ ಹಿಡಿತೀನಿ ಅಂತ ಹೇಳು.”

ಜಡೆ ಹಿಡಿದುಕೊಂಡು ಮನೆಗೆ ಹೋದೆ. ಅವ್ವ ಎದೆ ಎದೆ ಬಡಿದುಕೊಂಡಳು. ಅಪ್ಪ ಕೊಡಲಿ ತೆಗೆದುಕೊಂಡು ಓಡುತ್ತಾನೆಂದು ನಾನು ಕಾದೆ. ನಿಜ ಹೇಳುತ್ತೇನೆ, ಓಡಲಿ, ಕಡಿದು ಬರಲಿ ಎಂದೇ ಬಯಸಿದೆ. ಅಪ್ಪ ಎದ್ದ, ಕೊಡಲಿಯವರೆಗೆ ಹೋದ, ಬಂದು ಕೂತ. ಜಡೆಯನ್ನು ಕೈಯಲ್ಲಿ ಹಿಡಿದು ಗಂಟು ಬಿಚ್ಚಿದ, ಮತ್ತೆ ಹೆಣೆಯಲು ಹೋದ, ಬರಲಿಲ್ಲ. ಕೊನೆಗೆ ಅವ್ವನಿಗೆ ಹೇಳಿದ: “ಗೌಡ್ರಿಗಿ ಹೇಳಿ ಕಳಸು. ಗಂಟಿ ಹೊಡಿತೀನಿ.”

ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು. ಊರಿಗೆ ಊರೇ ಸೇರುವ ದಿನ, ಇವರಿಬ್ಬರೂ ಅವತ್ತೇ ಒಂದಾಗಲಿ ಎಂದು ಗೌಡರು ಅದನ್ನೇ ಗೊತ್ತು ಮಾಡಿದರು. ಅವತ್ತು ಬೆಳಿಗ್ಗೆ ಶಾಲೆಯ ಮುಂದೆ ಬಾವುಟ ಏರಿಸಿದರು, ಮಾಸ್ತರರು ಗಂಟಲು ಹರಿಯುವಂತೆ ಭಾಷಣ ಮಾಡಿದರು, ನಮಗೆಲ್ಲ ಬುಂದಿ ಸಿಕ್ಕಿತು. ಜಡೆ ಕತ್ತರಿಸಿದ ತಲೆಗೆ ಸೆರಗು ಹೊದ್ದು ನಾನೂ ಒಂದಿಷ್ಟು ಬುಂದಿ ತಿಂದು ಉಳಿದದ್ದನ್ನು ಹಿಡಿದುಕೊಂಡೆ. ಅಲ್ಲಿಂದ ಜನವೆಲ್ಲ ಗುಡಿಗೆ ಬಂದರು.

ಅಪ್ಪ ಬಾವಿಯಲ್ಲಿ ಮುಳುಗಿ ಹಸಿ ಧೋತರದಲ್ಲಿ ಬರುತ್ತಿದ್ದ. ಅವ್ವ ಒಡೆಸುವ ಕಾಯಿ, ಒಣ ಪಂಚೆ ಹಿಡಿದು ಗುಡಿಯ ಕಟ್ಟೆಯ ಮೇಲೆ ನಿಂತಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಗಡ್ಡದವ ಎದುರಿಗೆ ಕೊಡಲಿ ಊರಿಕೊಂಡು ನಿಂತಿದ್ದ. ಆಗ ಒಬ್ಬ ಮನುಷ್ಯ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಮುಂಡರಗಿಯವನು, ನಮ್ಮ ಅಜ್ಜನ ಓಣಿಯವನು, ಬಸ್ಸಿಳಿದು ಬಂದ ಧೂಳು ಮೈಮೇಲಿತ್ತು. ಅವ್ವನ ಕಿವಿಯ ಹತ್ತಿರ ಬಾಗಿ ಹೇಳಿದ. ನನಗೂ ಕೇಳಿಸಿತು. “ನಿಮ್ಮಪ್ಪ ನಸುಕಿನ್ಯಾಗ ಹೋದ್ರು. ನೀ ಬರೂಮಟ ಎತ್ತಂಗಿಲ್ಲ, ಜಲ್ದಿ ಬಾ.”

ಅಜ್ಜ ಸತ್ತಿದ್ದ. ಮಾವ ಸತ್ತರೆ ಅಳಿಯನಿಗೂ ಮೂರು ದಿನ ಸೂತಕ. ಅಪ್ಪನಿಗೆ ಸುದ್ದಿ ಮುಟ್ಟಿದರೆ ಗಂಟೆ ಮುಟ್ಟುವಂತಿಲ್ಲ. ಎರಡನೆಯ ಸಲವೂ ಸೂತಕ ಎಂದರೆ ಅಲ್ಲಿ ನಂಬುವವರು ಯಾರು? ಹಾಗೆಂದಿದ್ದರೆ ಗಡ್ಡದವ ಕೊಡಲಿ ಎತ್ತುತ್ತಿದ್ದ, ಊರು ಅವನನ್ನು ತಡೆಯುತ್ತಿರಲಿಲ್ಲ.

ಅವ್ವ ಅಳಲಿಲ್ಲ. ಆ ಮನುಷ್ಯನ ಬಾಯಿಯ ಮುಂದೆ ಕೈ ಅಡ್ಡ ಹಿಡಿದಳು. ಸುದ್ದಿ ಕೇಳಿ ತನಗೆ ಸೂತಕ ಹತ್ತಿತೆಂದು ಕಟ್ಟೆಯಿಂದ ಕೆಳಗಿಳಿದು ಬೀದಿಯ ಮಣ್ಣಿನಲ್ಲಿ ನಿಂತಳು, ನನ್ನನ್ನೂ ಎಳೆದುಕೊಂಡಳು. ಕೈಯಲ್ಲಿದ್ದ ಕಾಯಿಯನ್ನು ಬೇಕೆಂದೇ ಕೈಬಿಟ್ಟಳು. ಅದು ಕಲ್ಲಿಗೆ ಬಡಿದು ಒಡೆಯಿತು. ಹೆಂಗಸರೆಲ್ಲ ಅಪಶಕುನವೆಂದು ಲೊಚಗುಟ್ಟಿದರು. ಅಪ್ಪ ಬಂದು ಪಂಚೆಗೆ ಕೈ ಚಾಚಿದ.

“ಅದನ್ನ ಮುಟ್ಟಬ್ಯಾಡ್ರಿ, ಮಣ್ಣಾಗ ಬಿದ್ದೈತಿ. ಹಸಿ ಮೈಲೇ ಹೋಗ್ರಿ,” ಎಂದು ಹಿಂದೆ ಸರಿದಳು. ಆ ಪಂಚೆ ಅವಳ ಕೈಯಲ್ಲೇ ಇತ್ತು, ಮಣ್ಣು ಮುಟ್ಟಿರಲಿಲ್ಲ. ಅಪ್ಪ ಅವಳನ್ನು ಸಿಟ್ಟಿನಿಂದ ನೋಡಿದ. ಇಷ್ಟು ವರ್ಷ ಕಾಲು ಹಿಡಿದವಳು ಇವತ್ತು ದೂರ ಸರಿಯುತ್ತಾಳಲ್ಲ ಎಂದುಕೊಂಡಿರಬೇಕು. ಅಷ್ಟರಲ್ಲಿ ಕಾಕಾ ಗರ್ಭಗುಡಿಯಿಂದ ಬೇರೆ ಕಾಯಿ ತಂದು ಮಾತಾಡದೆ ಅಣ್ಣನ ಕೈಗೆ ಕೊಟ್ಟ.

ಅಪ್ಪ ಹೊಸ್ತಿಲು ದಾಟಿದ. ಗಂಟೆಯ ಕೆಳಗೆ ನಿಂತು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಹೊಡೆದ. ಒಂದೇ ಸಲ ಸಾಕಿತ್ತು, ಅವನು ಹೊಡೆಯುತ್ತಲೇ ಇದ್ದ. ಗೌಡರು ಸಾಕು ಎಂದು ಕೂಗಿದ ಮೇಲೆ ನಿಲ್ಲಿಸಿ, “ಹಣಮಪ್ಪನ ಆಣಿ, ನಾ ಕೊಂದಿಲ್ಲ,” ಎಂದ. ಗಡ್ಡದವ ಬಾಯಿ ತೆರೆದು ನಿಂತಿದ್ದ. ಹತ್ತು ವರ್ಷ ಬೇಡಿದ್ದು ಎದುರಿಗೆ ಬಂದಾಗ ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಗ್ಗಿ ಕೊಡಲಿಯನ್ನು ಮೆಟ್ಟಿಲ ಮೇಲೆ ಇಟ್ಟ.

ಆಗ ಅವ್ವ ಬೀದಿಯಲ್ಲಿ ಕುಸಿದಳು. “ಯಪ್ಪಾ, ನಮ್ಮಪ್ಪಾ!” ಎಂದು ಬಾಯಿ ಬಡಿದುಕೊಂಡು ಮಣ್ಣಿಗೆ ತಲೆ ಚಚ್ಚಿಕೊಂಡಳು. ಅಷ್ಟು ಹೊತ್ತು ನುಂಗಿದ್ದೆಲ್ಲ ಹೊರಗೆ ಬಂತು. ಮುಂಡರಗಿಯವನು ನಡೆದದ್ದನ್ನು ಹೇಳಿದ.

ಗಡ್ಡದವ ಕೂಗಿದ: “ಸೂತಕದಾಗ ಹೊಡದಾನ! ಆಣಿ ಸುಳ್ಳು! ಹೆಂಡ್ತಿಗಿ ಗೊತ್ತಿತ್ತು!”

“ಲೇ, ಅವಗ ಗೊತ್ತಿರಲಿಲ್ಲ. ಕೇಳಿದ ಮ್ಯಾಲ ಸೂತಕ,” ಎಂದರು ಗೌಡರು.

ಅವನಿಗೆ ಕೇಳಿಸಲಿಲ್ಲ. ಮೆಟ್ಟಿಲ ಮೇಲಿನ ಕೊಡಲಿ ಎತ್ತಿದ. ಅಪ್ಪ ಅವ್ವನನ್ನೇ ನೋಡುತ್ತ ಅವಳ ಕಡೆ ಓಡಿ ಬರುತ್ತಿದ್ದ. ಕೊನೆಯ ಗಳಿಗೆಯಲ್ಲಿ ತಿರುಗಿ ಬಲಗೈ ಎತ್ತಿದ. ಏಟು ಮಣಿಕಟ್ಟಿಗೆ ಬಿತ್ತು. ಕೈ ಒಂದಿಷ್ಟು ಚರ್ಮದಲ್ಲಿ ಜೋತುಬಿತ್ತು, ರಕ್ತ ನನ್ನ ಮುಖಕ್ಕೆ, ಬುಂದಿ ಹಿಡಿದ ಕೈಗೆ ಸಿಡಿಯಿತು. ಅವ್ವ ಅಳುವುದನ್ನು ನಿಲ್ಲಿಸಿ ಆ ಪಂಚೆಯಿಂದ ಕೈ ಬಿಗಿದು ಕಟ್ಟಿದಳು. ಬಸ್ಸಿನಲ್ಲಿ ಹಾಕಿಕೊಂಡು ಗದಗದ ದವಾಖಾನೆಗೆ ಒಯ್ದರು, ಅಲ್ಲಿ ಕೈ ತೆಗೆದರು. ಮುಂಡರಗಿಯಲ್ಲಿ ಅಜ್ಜನನ್ನು ಸಂಜೆಯವರೆಗೆ ಕಾದು ಎತ್ತಿದರು. ಅವ್ವ ತನ್ನ ಅಪ್ಪನ ಮುಖ ನೋಡಲಿಲ್ಲ.

ಗಡ್ಡದವನನ್ನು ಹಿಡಿದರು, ಕೋರ್ಟು ನಡೆಯಿತು. ಇಡೀ ಊರು ನೋಡಿದ ಪ್ರಕರಣ, ತಪ್ಪಿಸಿಕೊಳ್ಳುವಂತಿರಲಿಲ್ಲ. ಹಿಂದೆ ಅಪ್ಪನ ಮೇಲೆ ಸಾಕ್ಷಿ ಹೇಳಿದ ನಾಚಿಕೆಗೋ ಏನೋ ಊರವರು ಈ ಸಲ, ಪೂಜಾರಪ್ಪ ಏನಂತಾನೋ ಅದೇ ನಮ್ಮ ಮಾತು ಎಂದು ನಿಂತಿದ್ದರು. ಅಪ್ಪ ಕಟಕಟೆ ಹತ್ತಿದ. ದೇವರ ಮೇಲೆ ಪ್ರಮಾಣ ಮಾಡಿಸಿದರು. ಎಡಗೈ ಎತ್ತಿ ಮಾಡಿದ. ಕಡಿದವರು ಯಾರು ಎಂದು ಕೇಳಿದರು.

“ಹಿಂದಿನಿಂದ ಬಂತರಿ. ನಾ ನೋಡಲಿಲ್ಲ.”

ಆಮೇಲೆ ಊರಲ್ಲಿ ಯಾರೂ ನೋಡಿರಲಿಲ್ಲ. ಅವ್ವ ಒಬ್ಬಳೇ ಕಟಕಟೆಯಲ್ಲಿ ನಿಂತು, ಗಡ್ಡದವನ ಕಡೆ ಬೆರಳು ಮಾಡಿ, “ಇಂವನ, ನಾ ಕಣ್ಣಾರೆ ನೋಡೀನಿ,” ಎಂದಳು. ಬೀದಿಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದವಳು ಏನು ನೋಡಿಯಾಳು ಎಂದು ಅವನ ವಕೀಲ ನಕ್ಕ. ಖರೆ ಹೇಳಿದ ಅವ್ವನನ್ನು ಯಾರೂ ನಂಬಲಿಲ್ಲ. ಗಡ್ಡದವನನ್ನು ಬಿಟ್ಟರು.

ಊರಿಗೆ ಒಂದೇ ಬಸ್ಸು. ಹತ್ತಿ ಕೂತರೆ ಮುಂದಿನ ಸೀಟಿನಲ್ಲಿ ಅವನೇ. ಕೋರ್ಟಿನ ಹೊರಗಿನ ಮರದಡಿಯ ಹಜಾಮನ ಹತ್ತಿರ ಗಡ್ಡ ತೆಗೆಸಿದ್ದ. ಗಡ್ಡವಿಲ್ಲದ ಮುಖ ಇಷ್ಟು ಸಣ್ಣದು, ಇಷ್ಟು ಎಳೆಯದು ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಮನೆಗೆ ಬಂದು ಅವ್ವ ಒಲೆ ಹೊತ್ತಿಸಿದಳು, ರೊಟ್ಟಿ ಬಡಿದಳು, ಅಪ್ಪನ ತಾಟಿಗೆ ಹಾಕಿದಳು. ಅವನು ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುವುದನ್ನು ನೋಡುತ್ತ ಕೂತು ಕೊನೆಗೆ ಕೇಳಿದಳು.

“ಅವನ್ನ ಯಾಕ ಬಿಡಿಸಿದ್ರಿ?”

“ಒಳಗ ಹಾಕಿದ್ರ ಒಂದಿನ ನನ್ನಂಗ ಆಗಿ ಬರತಿದ್ದ. ಊರಾಗ ನಾ ಒಬ್ಬನ ಸಾಕು.”

“ನಿಮ್ಮ ಆಣಿ ಖರೆ ಆಗ್ಲಿ ಅಂತ ನಮ್ಮಪ್ಪ ಸತ್ತದ್ದನ್ನ ನುಂಗಿ ನಿಂತೆ ನಾ. ಅವನ ಮಾರಿ ಸೈತ ನೋಡಲಿಲ್ಲ. ನೀವು ಹೋಗಿ ದೇವರ ಮ್ಯಾಲ ಸುಳ್ಳ ಪ್ರಮಾಣ ಮಾಡಿ ಬಂದ್ರಿ?”

ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. “ಅಲ್ಲಿ ಗಂಟಿ ಇರಲಿಲ್ಲ,” ಎಂದ.

ಅವ್ವ ಪಲ್ಯದ ಸೌಟು ಬೀಸಿ ಒಗೆದಳು. ಅದು ಅವನ ಹುಬ್ಬಿನ ಹಳೆಯ ಗಾಯಕ್ಕೇ ಬಡಿದು ರಕ್ತ ಬಂತು. ಇನ್ನು ಇವನು ಎದ್ದು ಅವಳನ್ನು ಕೊಲ್ಲುತ್ತಾನೆಂದು ನಾನು ನಡುವೆ ಹೋಗಿ ನಿಂತೆ. ಅಪ್ಪ ಎದ್ದೇಳಲಿಲ್ಲ. ಎಡಗೈಯಿಂದ ರಕ್ತ ಒರೆಸಿಕೊಂಡ. ತೊಡೆಯ ಕೆಳಗೆ ಮಡಚಿಟ್ಟಿದ್ದ ರೊಟ್ಟಿಯನ್ನು ತೆಗೆದು, ಉಣ್ಣು ಎಂದು ನನ್ನ ಕೈಗೆ ಕೊಟ್ಟ.